ಸೀರಿ ಉಡಿಸಿ ಮಾಡಿಕೊಂಡಾನ್ರಿ

ನಿವೃತ್ತನಾದ ಮೇಲೆ ಕಾನೂನು ಕಾಲೇಜಿನವರು ಆಗಾಗ ಭಾಷಣಕ್ಕೆ ಕರೆಯುತ್ತಾರೆ. ಕರೆದವರೆಲ್ಲ ಕೇಳುವುದು ಒಂದೇ: ಸಮುದ್ರದಾಚೆಯ ನ್ಯಾಯಮಂಡಳಿಯಲ್ಲಿ ಕೂತಿದ್ದಿರಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಿ. ಅಲ್ಲಿಯ ನಿಲುವಂಗಿ ಯಾವ ಬಣ್ಣದ್ದು, ಎಷ್ಟು ದೇಶದ ನ್ಯಾಯಾಧೀಶರಿದ್ದರು, ಚಳಿ ಹೇಗಿತ್ತು. ಹೇಳುತ್ತೇನೆ, ಶಾಲು ಹೊದಿಸಿಕೊಂಡು ಮನೆಗೆ ಬರುತ್ತೇನೆ. ಆದರೆ ನನ್ನನ್ನು ಇವತ್ತಿಗೂ ಕುಟುಕುವುದು ಆ ದೊಡ್ಡ ಕೋರ್ಟಿನ ಯಾವ ಮೊಕದ್ದಮೆಯೂ ಅಲ್ಲ, ಕಲಬುರ್ಗಿಯಲ್ಲಿ ನನ್ನ ಮುಂದೆ ಬಂದಿದ್ದ ಕಮಲಾಪುರದ ಒಂದು ಸಣ್ಣ ಸಿವಿಲ್ ಅಪೀಲು. ಅದರ ಬಗ್ಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುವ ವಯಸ್ಸು ನನಗೆ ಬಂದಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಲಬುರ್ಗಿಯ ಜಿಲ್ಲಾ ನ್ಯಾಯಾಲಯಕ್ಕೆ ವರ್ಗವಾಗಿ ಬಂದಿದ್ದೆ. ಹುಟ್ಟಿ ಬೆಳೆದದ್ದು ರಾಯಚೂರು ಕಡೆ, ಹಾಗಾಗಿ ಇಲ್ಲಿಯ ಮಾತು ನನಗೆ ಮನೆಯ ಮಾತು. ಇದು ಅನುಕೂಲ ಎಂದುಕೊಂಡಿದ್ದೆ. ಆ ಅಪೀಲಿನ ಕಡತ ಬಿಚ್ಚಿದ ದಿನವೇ ಅದು ಅನುಕೂಲವಲ್ಲ, ಪೀಡೆ ಎಂದು ಗೊತ್ತಾಯಿತು.

ಅಪೀಲು ಹಾಕಿದವಳು ಕಮಲಾಪುರದ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸಿನವಳು. ಎಳೆಯ ವಯಸ್ಸಿನಲ್ಲೇ ಲಗ್ನವಾಗಿ ಗಂಡ ಸತ್ತಿದ್ದ. ಆಮೇಲೆ ಕಮಲಾಪುರದ ಒಬ್ಬ ಬಾಳೆ ತೋಟದವನು ಇವಳನ್ನು ಉಡಿಕಿ ಮಾಡಿಕೊಂಡ. ಅವನ ಮೊದಲ ಹೆಂಡತಿಯೂ ಕಾಯಿಲೆಯಿಂದ ತೀರಿಕೊಂಡಿದ್ದಳು. ಉಡಿಕಿ ಎಂದರೆ ನಮ್ಮ ಕಡೆ ವಿಧವೆಯ ಮರುಮದುವೆ. ಅದಕ್ಕೆ ಹಂದರ ಇಲ್ಲ, ಬಾಜಾಬಜಂತ್ರಿ ಇಲ್ಲ, ಅಕ್ಷತೆಯೂ ಇಲ್ಲ. ಹೊತ್ತು ಮುಳುಗಿದ ಮೇಲೆ ಓಣಿಯ ನಾಲ್ಕು ಹಿರಿಯರು ಕೂತು ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ತಾಳಿ ಕಟ್ಟಿಸಿದರೆ ಮುಗಿಯಿತು. ಇವರಿಗೊಬ್ಬ ಮಗಳು ಹುಟ್ಟಿದಳು. ಮಗಳು ಶಾಲೆಗೆ ಹೋಗುತ್ತಿದ್ದಾಗ ತಂದೆ ಹುಮನಾಬಾದ್ ರಸ್ತೆಯಲ್ಲಿ ಲಾರಿ ಬಡಿದು ಸತ್ತ. ಅವನ ಅಣ್ಣ ದಿನಕರ್ಮ ಮುಗಿಯುವುದನ್ನೇ ಕಾದಿದ್ದು ಮನೆಗೆ ಬೀಗ ಹಾಕಿದ, ತೋಟದ ಪಹಣಿಯಲ್ಲಿ ತನ್ನ ಹೆಸರು ಹತ್ತಿಸಿಕೊಂಡ. ‘ಇವಳು ನನ್ನ ತಮ್ಮನ ಹೆಂಡತಿಯಲ್ಲ, ಇಟ್ಟುಕೊಂಡವಳು’ ಎಂದು ಊರಿಗೆಲ್ಲ ಸಾರಿದ. ಅವಳು ತನ್ನ ಹೆಸರಿನಲ್ಲೂ ಮಗಳ ಹೆಸರಿನಲ್ಲೂ ದಾವೆ ಹೂಡಿದಳು. ಕೆಳಗಿನ ಕೋರ್ಟಿನಲ್ಲಿ ಸೋತಳು.

ಯಾಕೆ ಸೋತಳು ಎಂದರೆ, ಒಂದು ಮಾತಿನಿಂದ. ಆ ಉಡಿಕಿಯನ್ನು ಮುಂದೆ ನಿಂತು ಮಾಡಿಸಿದ್ದ ಓಣಿಯ ಹಿರಿಯನೊಬ್ಬ ಅವಳ ಕಡೆಯ ಸಾಕ್ಷಿ. ಕಟಕಟೆ ಹತ್ತಿ ಮುದುಕ ಹೇಳಿದ್ದು ಇಷ್ಟು: ‘ಸೀರಿ ಉಡಿಸಿ ಮಾಡಿಕೊಂಡಾನ್ರಿ.’ ನಮ್ಮಲ್ಲಿ ಇದಕ್ಕೆ ಒಂದೇ ಅರ್ಥ, ಉಡಿಕಿಯಾಗಿ ಹೆಂಡತಿ ಮಾಡಿಕೊಂಡ ಎಂದು. ಕೆಳಗಿನ ಕೋರ್ಟಿನ ನ್ಯಾಯಾಧೀಶರು ತುಂಗಭದ್ರೆಯ ಆಚೆಯವರು. ಆಗ ಸಾಕ್ಷಿ ಕನ್ನಡದಲ್ಲಿ ಹೇಳುವುದು, ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಬರೆಸುವುದು, ಟೈಪಿಸ್ಟ್ ಬಡಿಯುವುದು, ಇದೇ ನಡೆದುಕೊಂಡು ಬಂದಿತ್ತು. ಅವರು ಬರೆಸಿದ ಇಂಗ್ಲಿಷ್ ವಾಕ್ಯವನ್ನು ಮತ್ತೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಅವಳಿಗೆ ಒಂದು ಸೀರೆ ಕೊಟ್ಟು ಇಟ್ಟುಕೊಂಡನು.’ ಅವಳ ಪರವಾಗಿ ಬಂದ ಸಾಕ್ಷಿಯೇ ಅವಳನ್ನು ಇಟ್ಟುಕೊಂಡವಳು ಅಂದಮೇಲೆ ಇನ್ನೇನು ಉಳಿಯಿತು? ದಾವೆ ವಜಾ ಆಯಿತು. ಪುಟದ ಕೆಳಗೆ ‘ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು’ ಎಂಬ ಸಾಲು, ಅದರ ಪಕ್ಕ ಮುದುಕನ ಹೆಬ್ಬೆಟ್ಟು. ಓದಿದವನಿಗೆ ಕನ್ನಡಕ್ಕೆ ತರುವ ಪುರುಸೊತ್ತಿರಲಿಲ್ಲ, ಕೇಳಿದವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಮುಂದೆ ಎಷ್ಟೋ ವರ್ಷಗಳ ಮೇಲೆ ಆ ಹೊರದೇಶದ ನ್ಯಾಯಮಂಡಳಿಯಲ್ಲಿ ಒಬ್ಬ ಸಾಕ್ಷಿ ಆಡಿದ ಒಂದೇ ಪದಕ್ಕಾಗಿ ಇಡೀ ಮಧ್ಯಾಹ್ನದ ಕಲಾಪ ನಿಂತಿತು. ಗಾಜಿನ ಕೋಣೆಯಲ್ಲಿ ಕೂತ ಭಾಷಾಂತರಕಾರರು ತಮ್ಮೊಳಗೇ ಜಗಳಾಡಿದರು, ಆ ಭಾಷೆಯ ಪಂಡಿತರೊಬ್ಬರನ್ನು ಕರೆಸಿದರು, ನಾವು ಕಾಫಿ ಕುಡಿಯುತ್ತ ಕಾದೆವು. ಜೊತೆಯ ನ್ಯಾಯಾಧೀಶರು, ‘ಇಷ್ಟು ಎಚ್ಚರ ಬೇಕೇಬೇಕು’ ಎಂದು ತಲೆದೂಗಿದರು. ನಾನೂ ತಲೆದೂಗಿದೆ. ಕಮಲಾಪುರದ ಹೆಣ್ಣುಮಗಳ ಪಾಲಿಗೆ ಅಂಥ ಒಂದು ಮಧ್ಯಾಹ್ನ ಯಾಕೆ ಬರಲಿಲ್ಲ ಎಂದು ಯಾರನ್ನು ಕೇಳಲಿ?

ನನಗೇ ಅರ್ಥ ಗೊತ್ತಿದ್ದ ಮೇಲೆ ತಿದ್ದಿಬಿಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕಾನೂನು ಹಾಗಿಲ್ಲ. ನ್ಯಾಯಾಧೀಶ ತನ್ನ ಸ್ವಂತ ತಿಳಿವಳಿಕೆಯ ಮೇಲೆ ತೀರ್ಪು ಬರೆಯಕೂಡದು. ದಾಖಲೆಯಲ್ಲಿ ಏನಿದೆಯೋ ಅದೇ ಅವನ ಜಗತ್ತು. ಆ ಕೋರ್ಟ್ ಹಾಲಿನಲ್ಲಿ ನನಗೆ ಗೊತ್ತಿತ್ತು, ಎರಡೂ ಕಡೆಯ ವಕೀಲರಿಗೆ ಗೊತ್ತಿತ್ತು, ಪೀಠದ ಮುಂದೆ ಕೂತು ಕಡತ ಒಪ್ಪಿಸುವ ಪೇಶ್ಕಾರನಿಗೆ ಗೊತ್ತಿತ್ತು, ಬಾಗಿಲಲ್ಲಿ ನಿಂತ ಜವಾನನಿಗೂ ಗೊತ್ತಿತ್ತು. ಎಲ್ಲರೂ ಸೇರಿ ಗೊತ್ತಿಲ್ಲದವರಂತೆ ಒಂದು ಇಂಗ್ಲಿಷ್ ಪದದ ಮುಂದೆ ಕೈಕಟ್ಟಿ ನಿಂತಿದ್ದೆವು.

ಅವಳ ವಕೀಲರು ವಯಸ್ಸಾದವರು, ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ವಾದದ ಮೊದಲ ದಿನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು.

“ಸಾಹೇಬ್, ಮುದುಕ ಅಂದಿದ್ದು ನನ್ನ ಕಿವೀಲೆ ಕೇಳೀನಿ. ಶಾದಿ ಆಗ್ಯಾದ ಅಂದಾನ. ಉಡಿಕಿ ಅಂದ್ರ ಶಾದಿನೇ. ಇಲ್ಲಿ ನೋಡಿದ್ರ ಕೆಪ್ಟ್ ಅಂತ ಬರದದ.”

“ಕೇಳಿದವರು ಅವತ್ತೇ ಯಾಕ ತಕರಾರು ಮಾಡಲಿಲ್ಲ?”

“ಬರೆಸಿದ್ದು ಕೇಳಿಸ್ಲಿಲ್ರಿ. ಟೈಪ್ ಮಷೀನ್ ಖಡಖಡ ಅಂತಿತ್ತು. ನಕಲು ಕೈಗೆ ಬರೋದ್ರಾಗ ಮುದುಕ ಮಣ್ಣಾಗಿದ್ದ.”

ಎದುರು ವಕೀಲರು ಸ್ಟೇಶನ್ ಬಜಾರದಲ್ಲಿ ಕಚೇರಿ ಇಟ್ಟುಕೊಂಡಿದ್ದ ಚುರುಕು ಮನುಷ್ಯ. ನಗುತ್ತಲೇ ಎದ್ದರು. “ದಾಖಲಾ ಏನ್ ಹೇಳ್ತದ ಅದನ್ನ ನೋಡ್ಬೇಕ್ರಿ ಸಾಹೇಬ್ರ. ಸತ್ತವ ಏನ್ ಅಂದಿದ್ದ ಅನ್ನೋದು ನಾವೇನ್ ಹೇಳಾಕ ಆಗ್ತದ?”

ಅವರ ಊರು ಆಳಂದದ ಕಡೆ. ಅವರ ಓಣಿಯಲ್ಲೂ ಉಡಿಕಿಯಾದ ಮನೆಗಳಿದ್ದಾವು. ಆ ನಗು ನೋಡಿ ನನಗೆ ಮೈ ಉರಿಯಿತು. ಆದರೆ ಅವರು ಹೇಳಿದ್ದರಲ್ಲಿ ಕಾನೂನಿನ ತಪ್ಪು ಒಂದೂ ಇರಲಿಲ್ಲ.

ಇನ್ನೊಂದು ತಕರಾರಿತ್ತು. ಅವಳು ಊರೊಳಗಿನ ಮನೆಯಲ್ಲಿ ಬಾಳುವೆ ಮಾಡಲೇ ಇಲ್ಲ, ತೋಟದ ಗುಡಿಸಲಲ್ಲಿ ಇದ್ದಳು, ಹೆಂಡತಿಯಾದವಳನ್ನು ಯಾರಾದರೂ ತೋಟದಲ್ಲಿ ಇಡುತ್ತಾರೆಯೇ ಎಂದು ಅಣ್ಣನ ವಾದ. ಸ್ಥಳ ನೋಡಲು ನ್ಯಾಯಾಧೀಶನಿಗೆ ಅಧಿಕಾರವಿದೆ. ಎರಡೂ ಕಡೆಯ ವಕೀಲರಿಗೆ ತಿಳಿಸಿ, ಒಂದು ಶನಿವಾರ ಪೇಶ್ಕಾರನನ್ನು ಕರೆದುಕೊಂಡು ಜೀಪಿನಲ್ಲಿ ಕಮಲಾಪುರಕ್ಕೆ ಹೋದೆ.

ಅಣ್ಣ ಬೀಗ ಹಾಕಿದ ಮನೆಯ ಬಾಗಿಲಲ್ಲೇ ನಿಂತಿದ್ದ. ಬಿಳಿ ಧೋತರ, ತಲೆಗೆ ರುಮಾಲು, ಗಟ್ಟಿ ಆಳು. ಊರಿನ ಜಗಳಕ್ಕೆಲ್ಲ ಪಂಚ ಆಗುವವನು. ಕೆಂಪು ಬಾಳೆಹಣ್ಣಿನ ಒಂದು ದೊಡ್ಡ ಚಿಪ್ಪು ತಾಟಿನಲ್ಲಿಟ್ಟು ತಂದ. “ತೋಟದ್ದು ಅದರಿ ಸಾಹೇಬ್ರ.” ಯಾವ ತೋಟದ್ದು ಎಂದು ಕೇಳುವ ಆಸೆಯಾಯಿತು. ಕೇಳದೆ, ಬೇಡ ಎಂದೆ. ಪೇಶ್ಕಾರನೂ ಬೇಡ ಎಂದ, ಕಣ್ಣು ಮಾತ್ರ ತಾಟಿನಲ್ಲೇ ಇತ್ತು.

ಮನೆಯ ಬೀಗ ತೆಗೆಸಿ ಒಳಗೆ ಹೋದೆ. ಪಡಸಾಲೆ, ಅಡುಗೆಮನೆ, ದೇವರ ಗೂಡು, ಎಲ್ಲ ಖಾಲಿ. ಹೊಸದಾಗಿ ಸುಣ್ಣ ಹೊಡೆದಿದ್ದರು. ಒಲೆಯ ಹಿಂದಿನ ಗೋಡೆಯ ಮಸಿಯೂ ಸುಣ್ಣದೊಳಗೆ ಮುಚ್ಚಿಹೋಗಿತ್ತು. ‘ಮನೆ ಖಾಲಿ ಇದೆ, ಗೋಡೆಗೆ ಇತ್ತೀಚೆಗೆ ಸುಣ್ಣ ಬಳಿದಿದೆ’ ಎಂದು ಟಿಪ್ಪಣಿ ಬರೆಸಿದೆ. ಅಷ್ಟು ದೂರ ಹೋಗಿ ನನಗೆ ಸಿಕ್ಕಿದ್ದು ಅಷ್ಟೇ.

ಹೊರಗೆ ಜನ ನೆರೆದಿದ್ದರು. ಮುದಿ ವಕೀಲರು ಅವರ ಮುಂದೆ ಹೋಗಿ, “ಯಾರಾದ್ರೂ ಒಬ್ರು ಕೋರ್ಟಿಗಿ ಬಂದು ಖರೆ ಹೇಳ್ರಿ, ಪುಣ್ಯಾ ಬರ್ತದ” ಎಂದು ಗೋಗರೆದರು. ಎದುರು ಮನೆಯ ಹೊಸ್ತಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು.

“ಹೆಂಗ ಹೇಳೋದ್ರಿ? ಉಡಿಕಿ ನಾವು ಮುತ್ತೈದೇರು ನೋಡಂಗಿಲ್ಲ. ಅವತ್ತು ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ವಿ.”

“ಯಾಕ ಬಾಗಲಾ ಹಾಕ್ಕೊಂಡಿದ್ರಿ?” ಎಂದರು ವಕೀಲರು.

“ಉಡಿಕಿ ಇತ್ತಲ್ರಿ.”

ಅಷ್ಟರಲ್ಲಿ ಒಳಗಿನಿಂದ ಅವಳ ಗಂಡ ರಟ್ಟೆ ಹಿಡಿದು ಎಳೆದುಕೊಂಡ, ಬಾಗಿಲು ಮುಚ್ಚಿತು. ನಮ್ಮ ಪದ್ಧತಿಯ ಚಂದ ನೋಡಿ. ಲಗ್ನಕ್ಕಾದರೆ ಊರನ್ನೆಲ್ಲ ಕರೆದು ಸಾಕ್ಷಿ ಮಾಡುತ್ತೇವೆ. ಉಡಿಕಿಗೆ ಕಣ್ಣು ಮುಚ್ಚಿಕೊಳ್ಳುವುದೇ ಪದ್ಧತಿ. ಮದುವೆ ನಡೆದಿದೆ ಎಂದು ಎಲ್ಲರಿಗೂ ಗೊತ್ತಿರಬೇಕು, ಆದರೆ ಯಾರೂ ನೋಡಿರಬಾರದು. ನಮ್ಮ ಕಾನೂನಿಗಾದರೋ ನೋಡಿದವನೇ ಬೇಕು.

ಅವಳು ಅಲ್ಲಿಯವರೆಗೆ ಮಗಳ ಜೊತೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ನಾನು ಜೀಪು ಹತ್ತುವ ಹೊತ್ತಿಗೆ ಎಲ್ಲರ ಎದುರಿಗೇ ಬಂದು ಅಡ್ಡ ನಿಂತಳು.

“ಸಾಹೇಬ್ರ, ಮನಿ ಹೋದ್ರ ಹೋಗ್ಲಿ, ತೋಟ ಹೋದ್ರ ಹೋಗ್ಲಿ. ಆ ಇಂಗ್ಲೀಷ್ ಮಾತು ಒಂದು ತಗೀರಿ. ಅದು ಊರಾಗ ಬಂದು ಕುಂತದ. ನನ್ನ ಮಗಳಿಗಿ ನೋಡಾಕ ಬಂದವ್ರು ಬಾಗಲದಾಗೇ ಹೊಳ್ಳಿ ಹೋಗಾಕತ್ತಾರ. ಇಟ್ಕೊಂಡಾಕಿ ಮಗಳು ಅಂತಾರ್ರಿ.”

“ಹೇಳೋದು ಇದ್ರ ನಿಮ್ಮ ವಕೀಲರ ಕಡಿಂದ ಕೋರ್ಟಿನ್ಯಾಗ ಹೇಳಸವ್ವಾ. ಇಲ್ಲಿ ನಾ ಕೇಳಂಗಿಲ್ಲ.”

“ಕೋರ್ಟಿನ್ಯಾಗ ಹೇಳಿದ್ದಕ್ಕೇ ಹಿಂಗ ಆಗ್ಯಾದಲ್ರಿ” ಅಂದಳು.

ಡ್ರೈವರ್ ಗಾಡಿ ಶುರು ಮಾಡಿದ. ದಾರಿಯುದ್ದಕ್ಕೂ ನನಗೆ ಅವಳ ಮೇಲೆ ಸಿಟ್ಟು, ಯಾಕೆಂದರೆ ಅವಳು ಹೇಳಿದ್ದು ಖರೆಯಾಗಿತ್ತು.

ನನ್ನ ಮುಂದೆ ಮೂರು ದಾರಿಗಳಿದ್ದವು. ದಾಖಲೆ ಇದ್ದಂತೆ ಅಪೀಲು ವಜಾ ಮಾಡಿ ಕೈ ತೊಳೆದುಕೊಳ್ಳುವುದು ಒಂದು. ಹೊಸದಾಗಿ ವಿಚಾರಣೆ ಮಾಡಿ ಎಂದು ಕಡತವನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸುವುದು ಇನ್ನೊಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ನ್ಯಾಯಾಧೀಶರಿಗೆ ಅದು ಬಲು ಪ್ರಿಯ. ಕಡತ ಕೆಳಗೆ ಹೋಗಿ, ಮತ್ತೆ ಮೇಲೆ ಬರುವುದರೊಳಗೆ ನಮಗೆ ಬೇರೆ ಊರಿಗೆ ವರ್ಗವಾಗಿರುತ್ತದೆ. ಮಗಳಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ವಾಪಸು ಕಳಿಸಿದರೆ ಆ ಹುಡುಗಿಯ ತಲೆಯಲ್ಲಿ ನರೆ ಕಾಣುವವರೆಗೆ ದಾವೆ ನಡೆಯುತ್ತಿತ್ತು.

ಮೂರನೆಯದು ಅಪರೂಪದ ದಾರಿ. ತೀರ್ಪು ಕೊಡಲು ಅಗತ್ಯ ಎಂದು ಕೋರ್ಟಿಗೇ ಅನ್ನಿಸಿದರೆ ಅಪೀಲಿನ ಹಂತದಲ್ಲೂ ಸಾಕ್ಷಿ ಕರೆಯಬಹುದು, ಯಾವ ಪ್ರಶ್ನೆಯನ್ನಾದರೂ ನ್ಯಾಯಾಧೀಶನೇ ಕೇಳಬಹುದು. ಆದರೆ ಕರೆಯುವುದು ಯಾರನ್ನು? ಉಡಿಕಿಯ ದಿನ ಕೂತಿದ್ದ ಗಂಡಸರಲ್ಲಿ ಉಳಿದವನು ಒಬ್ಬನೇ, ಆ ಅಣ್ಣ. ತಮ್ಮನ ಉಡಿಕಿಗೆ ಅಣ್ಣ ಕೂರದೆ ಆಗುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಅವನ ವಕೀಲರು ಜಾಣತನದಿಂದ ಅವನನ್ನು ಕಟಕಟೆ ಹತ್ತಿಸದೆ, ಬದಲಿಗೆ ಒಬ್ಬ ಅಳಿಯನಿಂದ ಹೇಳಿಕೆ ಕೊಡಿಸಿದ್ದರು. ನಾನು ಅವನನ್ನೇ ಕರೆಸಲು ನಿರ್ಧರಿಸಿದೆ. ಹೈಕೋರ್ಟಿನಲ್ಲಿ ಇದು ನಿಲ್ಲುತ್ತದೆಯೋ ಇಲ್ಲವೋ ಎಂಬ ಅಂಜಿಕೆ ಇತ್ತು. ಇರಲಿ ಅಂದುಕೊಂಡೆ.

ಆದೇಶ ಓದಿದಾಗ ಎದುರು ವಕೀಲರ ನಗು ಮಾಯವಾಯಿತು. “ಸಾಹೇಬ್ರ, ಅಪೀಲಿನ್ಯಾಗ ಕೋರ್ಟೇ ಸಾಕ್ಷಿ ಕರೆಯೋದು ನಾ ಎಲ್ಲೂ ಕಂಡಿಲ್ರಿ.”

“ಈಗ ಕಾಣ್ತೀರಿ, ಕುಂದ್ರಿ” ಅಂದೆ.

ವಿಚಾರಣೆಯ ದಿನ ಟೈಪಿಸ್ಟನನ್ನು ಎಬ್ಬಿಸಿ ಕಳಿಸಿದೆ. ಕನ್ನಡದ ಟೈಪ್ ಮಷೀನು ಇಡೀ ಕಚೇರಿಗೆ ಒಂದಿತ್ತು, ಅದರಲ್ಲಿ ಒತ್ತಕ್ಷರ ಬೀಳುತ್ತಿರಲಿಲ್ಲ. ಪೇಶ್ಕಾರನಿಗೆ ಹಾಳೆ ಕೊಟ್ಟು, ಸಾಕ್ಷಿ ಯಾವ ಮಾತು ಆಡುತ್ತಾನೋ ಅದೇ ಮಾತನ್ನು ಕೈಯಲ್ಲಿ ಬರೆಯಬೇಕು, ಶುದ್ಧ ಮಾಡುವ ಉಸಾಬರಿ ಬೇಡ ಎಂದೆ.

ಅಣ್ಣ ಕಟಕಟೆಯಲ್ಲಿ ನಿಂತ. ಉಡಿಕಿ ಆಗಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ನಮ್ಮ ಕಡೆಯ ಹಿರಿಯರನ್ನು ನಾನು ಬಲ್ಲೆ. ಕೋರ್ಟಿನಲ್ಲಿ ಸುಳ್ಳು ಹೇಳಲು ಅಂಜುವುದಿಲ್ಲ, ಮನೆತನದ ರೀತಿ ರಿವಾಜಿಗೆ ಕುಂದು ಬಂತು ಎಂದರೆ ಸಹಿಸುವುದಿಲ್ಲ. ನಾನು ಅಲ್ಲಿಂದ ಶುರು ಮಾಡಿದೆ.

“ನಿಮ್ಮ ತಮ್ಮ ತೀರಿಕೊಂಡಾಗ ಮಣ್ಣು ಮಾಡಿದವ್ರು ಯಾರು?”

“ನಾನೇ ಮಾಡೇನ್ರಿ. ಮತ್ಯಾರು ಮಾಡ್ತಾರ?”

“ದಿನಕರ್ಮ?”

“ಅದೂ ನಾನೇ. ಊರಿಗಿ ಊಟ ಹಾಕೇನಿ.”

“ಎಲ್ಲಾ ರಿವಾಜ್ ಪ್ರಕಾರ ಆಯ್ತೋ, ಏನರ ಬಿಟ್ರೋ?”

“ನಮ್ಮದು ಹಿರೇ ಮನಿತನರಿ. ಒಂದೂ ಬಿಟ್ಟಿಲ್ಲ.”

“ಬಳಿ ಒಡಿಯೋದು ಬಿಟ್ಟಿರಬೇಕಲ್ಲ.”

ಅವನ ಮುಖ ಕೆಂಪಾಯಿತು. ಎದುರು ವಕೀಲರು ಅರ್ಧ ಎದ್ದಿದ್ದರು. ಅವರು ಬಾಯಿ ತೆಗೆಯುವುದರೊಳಗೆ ಅವನು ಅಂದುಬಿಟ್ಟ. “ಯಾಕ ಬಿಡ್ತೀವ್ರಿ? ಆಕೀಗಿ ಅಂಗಳದಾಗ ಕುಂದ್ರಿಸಿ, ಬಳಿ ಒಡದು, ತಾಳಿ ತಗದೇವಿ. ಊರೇ ನೋಡ್ಯಾದ. ಬೇಕಾದ್ರ ಕೇಳ್ರಿ.”

ಇಟ್ಟುಕೊಂಡವಳ ಬಳೆಯನ್ನು ಯಾವ ಮನೆತನದವರೂ ತಮ್ಮ ಅಂಗಳದಲ್ಲಿ ಕೂರಿಸಿ ಒಡೆಯುವುದಿಲ್ಲ. ಗಂಡ ಸತ್ತವಳಿಗೆ ಮಾತ್ರ ಆ ಶಿಕ್ಷೆ. ತಾನು ಏನಂದೆ ಎಂದು ಅವನಿಗೆ ಹೊಳೆದದ್ದು ವಕೀಲರ ಮುಖ ನೋಡಿದ ಮೇಲೆ. ಪೇಶ್ಕಾರ ಕೊನೆಯ ಅಕ್ಷರದವರೆಗೂ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡ.

ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಒಂದು ಸಲ ಮೊದಲ ಗಂಡನಿಗಾಗಿ, ಇನ್ನೊಂದು ಸಲ ಇವನಿಗಾಗಿ, ಎರಡು ಸಲ ಬಳೆ ಒಡೆಸಿಕೊಂಡ ಹೆಂಗಸು. ಅವಳಿಗೆ ಮಾಡಿದ ಅವಮಾನವೇ ಅವಳು ಹೆಂಡತಿ ಎಂಬುದಕ್ಕೆ ಪುರಾವೆಯಾಯಿತು. ಮುದಿ ವಕೀಲರು ಕಣ್ಣೊರೆಸಿಕೊಂಡರು. ನಾನು ಹಿಗ್ಗಿದೆ. ಸುಳ್ಳೇಕೆ ಹೇಳಲಿ, ಅಂಥ ಹಿಗ್ಗು ನನ್ನ ನೌಕರಿಯಲ್ಲಿ ಮತ್ತೊಮ್ಮೆ ಬರಲಿಲ್ಲ.

ತೀರ್ಪು ಬರೆಯಲು ತುಂಬ ಶ್ರಮ ಪಟ್ಟೆ. ಉಡಿಕಿ ಎಂಬ ಪದ್ಧತಿ ಈ ಸೀಮೆಯಲ್ಲಿ ಎಷ್ಟು ಹಳೆಯದು, ರೂಢಿಯ ವಿಧಿಯಿಂದ ಆದ ಮದುವೆಯನ್ನು ಕಾಯ್ದೆ ಹೇಗೆ ಮಾನ್ಯ ಮಾಡುತ್ತದೆ, ಸಪ್ತಪದಿ ಎಲ್ಲರಿಗೂ ಯಾಕೆ ಬೇಕಿಲ್ಲ, ಎಲ್ಲವನ್ನೂ ಬಿಡಿಸಿ ಬರೆದೆ. ಮೊದಲ ವಾದಿ ಉಡಿಕಿಯ ವಿಧಿಯಿಂದ ಮೃತನ ಕಾನೂನುಬದ್ಧ ಹೆಂಡತಿ, ಎರಡನೆಯ ವಾದಿ ಆ ಮದುವೆಯಿಂದ ಹುಟ್ಟಿದ ಮಗಳು, ಮನೆ ತೋಟ ಅವರದು ಎಂದು ಮುಗಿಸಿದೆ. ತೀರ್ಪನ್ನು ತೆರೆದ ಕೋರ್ಟಿನಲ್ಲಿ ಓದಿದಾಗಲೇ ಅದು ತೀರ್ಪು. ಅಲ್ಲಿಯವರೆಗೆ ಅದು ಬರೀ ಕಾಗದ. ನಾನು ದಿನ ಗೊತ್ತು ಮಾಡಿದೆ.

ಆ ದಿನ ಕೇಸು ಕರೆದ ಕೂಡಲೇ ಎದುರು ವಕೀಲರು ಎದ್ದು ಒಂದು ಅರ್ಜಿ ಮುಂದಿಟ್ಟರು. “ಪಾರ್ಟಿಗಳು ರಾಜಿ ಆಗ್ಯಾರ್ರಿ ಸಾಹೇಬ್ರ.”

ಓದಿದೆ. ಹುಡುಗಿ ಮೃತನ ಮಗಳು ನಿಜ, ಆದರೆ ಮೊದಲ ಹೆಂಡತಿಯ ಹೊಟ್ಟೆಯಲ್ಲಿ ಹುಟ್ಟಿದವಳು. ಅವಳ ಲಗ್ನವನ್ನು ದೊಡ್ಡಪ್ಪನೇ ನಿಂತು ತನ್ನ ಮನೆಯಿಂದ ಮಾಡಿಕೊಡುತ್ತಾನೆ. ಮನೆ ತೋಟದ ಮೇಲೆ ಅವಳು ಹಕ್ಕು ಕೇಳುವುದಿಲ್ಲ. ಮೊದಲ ವಾದಿಗೆ ಮೃತನ ಜೊತೆಗಾಗಲಿ ಹುಡುಗಿಯ ಜೊತೆಗಾಗಲಿ ಯಾವ ಸಂಬಂಧವೂ ಇಲ್ಲ, ಆದರೂ ಕರುಣೆಯಿಂದ ಬದುಕಿರುವವರೆಗೆ ತೋಟದ ಗುಡಿಸಲಲ್ಲಿ ಇರಲು ಬಿಡಲಾಗುವುದು. ಕೆಳಗೆ ಅವಳ ಹೆಬ್ಬೆಟ್ಟು, ಮಗಳ ಸಹಿ. ಹಳ್ಳಿಯಲ್ಲಿ ಹುಟ್ಟಿದ ವರ್ಷವನ್ನು ಒಂದೆರಡು ವರ್ಷ ಹಿಂದೆ ಸರಿಸುವುದು ದೊಡ್ಡ ಮಾತಲ್ಲ. ಹಾಗೆ ಸರಿಸಿದರೆ ಮಗಳು ಮೊದಲನೆಯವಳ ಕಾಲಕ್ಕೆ ಹೋಗಿ ಕೂರುತ್ತಿದ್ದಳು.

ಮುದಿ ವಕೀಲರ ಕಡೆ ನೋಡಿದೆ.

“ಏನ್ರಿ ಇದು?”

“ನಾ ಬ್ಯಾಡ ಅಂದೆ ಸಾಹೇಬ್. ಆಕಿ ಕೇಳವಲ್ಲಳು. ಹುಡುಗೀಗಿ ಶರಣಸಿರಸಗಿದಾಗ ವರ ಕೂಡ್ಯಾದ. ಹುಡುಗ ಕರೆಂಟ್ ಇಲಾಖೆದಾಗ ನೌಕರಿ ಮಾಡ್ತಾನ. ಮನಿತನ ಚಲೋ ಅದ. ಉಡಿಕಿ ಹೊಟ್ಟೀಲೆ ಹುಟ್ಟಿದಾಕಿ ಬ್ಯಾಡ ಅಂತಾರ.”

“ನಾ ಇವತ್ತು ಫೈಸಲಾ ಹೇಳಾವ ಇದ್ದೆ.”

“ನಿಮ್ಮ ಫೈಸಲಾದಾಗ ಏನ್ ಇರ್ತದ ಸಾಹೇಬ್? ಉಡಿಕಿ ಆಗಿದ್ದು ಖರೆ ಅಂತ ಇರ್ತದ. ಆಕೀಗಿ ಬ್ಯಾಡಾಗಿದ್ದೇ ಅದು.”

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತನ್ನು ನಮ್ಮ ಮುಂದೆಯೇ ಆಡಿ ನಗುತ್ತಾರೆ ಜನ. ಆದರೆ ಗೆಲ್ಲುವುದಕ್ಕೇ ಅಂಜಿ ಓಡಿದವರನ್ನು ನಾನು ಕಂಡಿರಲಿಲ್ಲ. ಇಟ್ಟುಕೊಂಡವಳು ಎಂಬ ಪದ ತೆಗೆದು ಉಡಿಕಿ ಎಂಬ ಪದ ಕೂರಿಸಲು ತಿಂಗಳುಗಟ್ಟಲೆ ಹೆಣಗಿದ್ದೆ. ಅವಳ ಮಗಳ ಪಾಲಿಗೆ ಎರಡೂ ಒಂದೇ ಬಾಗಿಲಿನ ಎರಡು ಕದ.

ರಾಜಿಯನ್ನು ಸುಮ್ಮನೆ ಒಪ್ಪಬೇಕಿಲ್ಲ. ಅದು ಕಾನೂನಿಗೆ ಸರಿಯಾಗಿದೆಯೇ, ಮನಸ್ಸಿನಿಂದ ಮಾಡಿಕೊಂಡದ್ದೇ ಎಂದು ಕೋರ್ಟು ಖಾತ್ರಿ ಮಾಡಿಕೊಳ್ಳಬೇಕು. ಒಪ್ಪದಿದ್ದರೆ ತಳ್ಳಿಹಾಕಿ ತೀರ್ಪು ಓದಬಹುದು. ತಳ್ಳಿಹಾಕಬೇಕು ಎಂದೇ ನನ್ನ ಮನಸ್ಸಿನಲ್ಲಿತ್ತು. ಮಗಳನ್ನು ಹೊರಗೆ ವರಾಂಡದಲ್ಲಿ ಕೂರಿಸಲು ಹೇಳಿ, ಅವಳನ್ನು ಕಟಕಟೆಗೆ ಕರೆಸಿದೆ. ಪೇಶ್ಕಾರನಿಗೆ, ಮಾತು ಇದ್ದಂತೆಯೇ ಬರಿ ಎಂದೆ.

“ನೋಡವ್ವಾ, ಯಾರಾದ್ರೂ ಅಂಜಿಸ್ಯಾರೇನು?”

“ಇಲ್ರಿ.”

“ಇದರಾಗ ಏನ್ ಬರದಾರ ಗೊತ್ತದೇನು?”

“ಓದಿ ಹೇಳ್ಯಾರ್ರಿ.”

“ಮನಿ ಹೋಗ್ತದ, ತೋಟ ಹೋಗ್ತದ.”

“ಹೋಗ್ಲಿರಿ.”

“ಇವತ್ತು ಈ ಕಾಗದ ವಾಪಸ್ ತಗೊಂಡ್ರ, ಕೋರ್ಟು ತನ್ನ ಫೈಸಲಾ ಓದ್ತದ. ತಿಳೀತೇನು?”

“ತಿಳೀತ್ರಿ. ಓದಬ್ಯಾಡ್ರಿ.”

“ತೀರಿಕೊಂಡವನಿಗಿ ನೀ ಹೆಂಡ್ತಿ ಹೌದೋ ಅಲ್ಲೋ?”

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿಂದ ವರಾಂಡದ ಬೆಂಚಿನ ತುದಿ ಕಾಣುತ್ತಿತ್ತು. “ಅಲ್ಲರಿ” ಅಂದಳು.

ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಣ್ಣನ ಮೇಲೆ, ವರನ ಕಡೆಯವರ ಮೇಲೆ, ಅಲ್ಲಿ ಕೂತ ನನ್ನ ಮೇಲೆ ಬರಬೇಕಾದದ್ದೆಲ್ಲ ಆ ಕಟಕಟೆಯ ಮೇಲೆ ಹೋಗಿ ಬಿತ್ತು. ಸುಳ್ಳನ್ನು ಅವಳ ಬಾಯಿಂದಲೇ ಬಿಚ್ಚಿಸಿ, ರಾಜಿಯನ್ನು ಹರಿದು ಹಾಕಬೇಕು ಎಂಬ ಹಟ ಹಿಡಿಯಿತು.

“ಹೊರಗ ಕುಂತಾಳಲ್ಲ, ಆ ಹುಡುಗಿ ಯಾರು?”

“ನಮ್ಮ ಅಕ್ಕನ ಮಗಳ್ರಿ.”

ಪೇಶ್ಕಾರ ಬರೆದ. ಬರೆದು, ಲೇಖನಿ ಎತ್ತಿ ನನ್ನನ್ನು ನೋಡಿದ. ಗಂಡನ ಸತ್ತುಹೋದ ಮೊದಲ ಹೆಂಡತಿಯನ್ನು ಎರಡನೆಯವಳು ಅಕ್ಕ ಅನ್ನುತ್ತಾಳೆ. ಇಟ್ಟುಕೊಂಡವಳಿಗೆ ಆ ಮಾತಿನ ಹಕ್ಕಿಲ್ಲ. ಕಲಿಸಿಕೊಟ್ಟ ಸುಳ್ಳನ್ನೇ ಹೇಳುತ್ತಿದ್ದಳು, ಆದರೆ ಅದನ್ನು ಹೇಳಿದವಳು ಆ ಮನೆಯ ಹೆಂಡತಿಯಾಗಿದ್ದಳು.

ಎದುರು ವಕೀಲರು ಧಡಕ್ಕನೆ ಎದ್ದರು. “ಸಾಹೇಬ್ರ, ಅಕ್ಕ ಅನ್ನೋದು ಬರೀಬ್ಯಾಡ್ರಿ. ಬರದ್ರ ರಾಜಿ ಮುರೀತದ. ವರನ ಕಡ್ಯಾವ್ರು ನಕಲು ತಗೀತಾರ.”

“ಸಾಕ್ಷಿ ಅಂದಿದ್ದನ್ನೇ ಬರಸ್ತೀನಿ.”

ಅವಳಿಗೆ ತಿಳಿಯಿತು. ಸೆರಗು ಸರಿಮಾಡಿಕೊಂಡಳು. “ಬಿಡ್ರಿ ಸಾಹೇಬ್ರ, ಬಾಯಿ ತಪ್ಪಿ ಬಂತು. ಅದನ್ನ ಹೊಡದು ಹಾಕ್ರಿ.”

“ಹಂಗಾದ್ರ ಆ ಹುಡುಗಿ ನಿನಗ ಏನಾಗಬೇಕು?”

ವರಾಂಡದಲ್ಲಿ ಯಾರೋ ಕೆಮ್ಮಿದರು. ಅವಳು ಈ ಸಲ ಬಾಗಿಲ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು.

“ಏನೂ ಆಗಬೇಕಿಲ್ರಿ.”

ತೀರ್ಪಿನ ಕಾಗದ ನನ್ನ ಕೈಕೆಳಗೇ ಇತ್ತು. ಅದನ್ನು ಓದಿದರೆ ನಾನು ಗೆಲ್ಲುತ್ತಿದ್ದೆ. ಪೇಶ್ಕಾರ ಕಾಯುತ್ತಿದ್ದ. ಬರಿ ಎಂದೆ. ಅವನು ಹಿಂದಿನ ಸಾಲಿನ ಮೇಲೆ ಗೆರೆ ಎಳೆದು, ಅವಳು ಅಂದದ್ದನ್ನು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಬರೆದ. ನಾನು ಗೆರೆಯ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಅವನು ಎದ್ದು ನಿಂತು ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದ: ‘ಏನೂ ಆಗಬೇಕಿಲ್ರಿ.’

“ಸರಿ ಅದನವ್ವಾ?” ಎಂದು ಕೇಳಿದ.

“ಸರಿ ಅದರಿ” ಎಂದು ಅವಳು ಎಡಗೈ ಹೆಬ್ಬೆಟ್ಟು ಮುಂದೆ ಚಾಚಿದಳು.